ಶಂಕ್ರವ್ವ ಕೆತ್ತಿದ ಪಂಚಮಿ ಪೆಟ್ಟಿಗೆ

ನರಗುಂದದ ಗಂಡನ ಮನೆಯನ್ನು ಬಿಟ್ಟು ಬಂದಾಗ ಬಡಿಗೇರ ಶಂಕ್ರವ್ವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಬಿಟ್ಟು ಬಂದಳು ಅನ್ನುವುದಕ್ಕಿಂತ ಬಿಡಿಸಿದರು ಅನ್ನುವುದೇ ಖರೆ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಆಕೆ ಹೊಸ್ತಿಲು ದಾಟಿ ಒಳಗೆ ಬಂದ ದಿನವೇ ಶಂಕ್ರವ್ವನ ಟ್ರಂಕು ಹೊರಗಿನ ಕಟ್ಟೆಗೆ ಬಂತು. ಯಾರೂ ಬೈಯಲಿಲ್ಲ, ಯಾರೂ ಕೈ ಎತ್ತಲಿಲ್ಲ. ಅತ್ತೆಯಂತೂ ದಾರಿಗೆಂದು ರೊಟ್ಟಿ ಬುತ್ತಿ ಕಟ್ಟಿಕೊಟ್ಟಳು.

“ನಿಮ್ಮಣ್ಣ ಚಲೋ ಮನಷ್ಯಾ ಅದಾನ. ಕೈ ಬಿಡಂಗಿಲ್ಲ ತಗೋ,” ಅಂದಳು.

ಅಣ್ಣ ಮೌನಪ್ಪ ಕೈ ಬಿಡಲಿಲ್ಲ, ಅದೂ ಖರೆ. ಗಜೇಂದ್ರಗಡದಲ್ಲಿ ಕೋಟೆ ಗುಡ್ಡದ ಬುಡಕ್ಕಿದ್ದ ಬಡಿಗೇರ ಓಣಿಯೊಳಗೆ ಅವನ ಮನೆ. ಮುಂದಿನ ಕಟ್ಟೆಯೇ ಕೆಲಸದ ಜಾಗ. ರೈತರ ಕುಂಟೆ, ಬಂಡಿಯ ಗಾಲಿ, ನೇಕಾರರ ಮಗ್ಗದ ಹಲಗೆ ಎಲ್ಲಾ ಅಲ್ಲಿಯೇ ಆಗುತ್ತಿದ್ದವು. ತಂಗಿಗೆ ಹಿಂದಿನ ಕೋಣೆ ಬಿಟ್ಟುಕೊಟ್ಟ. ಅವನ ಹೆಂಡತಿ ರೇಣವ್ವ ಒಂದು ಕಂಬಳಿ, ಒಂದು ತಂಬಿಗೆ ಕೊಟ್ಟಳು. ಅಷ್ಟಕ್ಕೆ ಶಂಕ್ರವ್ವನ ಸಂಸಾರ ಮತ್ತೆ ಸುರುವಾಯಿತು.

ಆ ಮನೆಯ ಕಟ್ಟಿಗೆಯ ವಾಸನೆಯಲ್ಲಿಯೇ ಅವಳು ಬೆಳೆದಿದ್ದಳು. ಅಪ್ಪ ಬದುಕಿದ್ದಾಗ ದೊಡ್ಡವರ ಮನೆಯ ಬಾಗಿಲು ಚೌಕಟ್ಟಿಗೆ ಬಳ್ಳಿ ಕೆತ್ತುತ್ತಿದ್ದ. ಸಣ್ಣ ಹುಡುಗಿ ಬಾಜೂಕ ಕೂತು ಇದ್ದಿಲಿನಲ್ಲಿ ಹಲಗೆಯ ಮೇಲೆ ಗಿಣಿ ಬರೆದರೆ, ನಕ್ಕು ಒಂದು ಸಣ್ಣ ಉಳಿ ಕೈಗೆ ಕೊಡುತ್ತಿದ್ದ. ಗಿಣಿಯ ಕೊಕ್ಕು ಹೇಗೆ ತಿರುವಬೇಕು, ಕಟ್ಟಿಗೆಯ ನಾರು ಯಾವ ಕಡೆ ಹರಿದಿದೆ ನೋಡಿಕೊಂಡು ಉಳಿಯನ್ನು ಹೇಗೆ ನಡೆಸಬೇಕು, ಎಲ್ಲಾ ಆಟದೊಳಗೇ ಬಂತು. ಮೈನೆರೆದ ದಿನ ಅವ್ವ ಆ ಉಳಿ ಕಸಿದುಕೊಂಡು ಕಸೂತಿಯ ಸೂಜಿ ಕೊಟ್ಟಳು. ಸೂಜಿಯೂ ಚಲೋ ಬಂತು. ಆದರೆ ಅರಿವೆಯ ಮೇಲೆ ಚುಚ್ಚುವಾಗೆಲ್ಲ ಬೆರಳು ಇನ್ನೇನೋ ಗಟ್ಟಿಯಾದದ್ದನ್ನು ಹುಡುಕುತ್ತಿದ್ದವು.

ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಒಂದು ಬೇಸಿಗೆಯ ಕೊನೆಗೆ ಸೀರೆ ಅಂಗಡಿಯ ಅಂದಾನಪ್ಪ ಸಾವಕಾರ ಮೌನಪ್ಪನ ಕಟ್ಟೆಗೆ ಬಂದು ಕೂತ. ಊರಿನ ಮಗ್ಗದ ಸೀರೆಗಳೆಲ್ಲ ಅವನ ಅಂಗಡಿಗೇ ಬರುತ್ತಿದ್ದವು. ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ತಿರುಗಿ ಹೋಗುವಾಗ ಸೀರೆ, ಕುಪ್ಪಸದ ಖಣ, ಉಂಡಿ ಕೊಟ್ಟು ಕಳಿಸುವುದು ಮನೆಮನೆಯ ಪದ್ಧತಿ. ಆ ಸೀರೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟೂ ಕೊಟ್ಟೂ ಸಾವಕಾರನಿಗೆ ಬೇಸರ ಬಂದಿತ್ತು.

“ಮೌನಪ್ಪಾ, ಸೀರಿನ ಕಾಗದದಾಗ ಸುತ್ತಿ ಕೊಟ್ರ ಅದು ಬರೇ ಸೀರಿ. ಒಂದು ಚಂದನ್ನ ಪೆಟ್ಟಿಗ್ಯಾಗ ಇಟ್ಟು ಕೊಟ್ರ ತವರಮನೀನ ಬೆನ್ನ ಹತ್ತಿ ಹೋದಂಗ ಆಕ್ಕೈತಿ. ಹಗರು ಕಟ್ಟಿಗಿ ತಗೋ. ಮುಚ್ಚಳದ ಮ್ಯಾಲ ಏನರೆ ಕೆತ್ತು. ಒಂದು ಮಾಡಿ ತೋರಸು, ನೋಡೂಣು.”

ಮೌನಪ್ಪ ಗಾಲಿ ಮಾಡುವ ಕೈಯವನು. ಹಾಲವಾಣದ ತೆಳುವಾದ ಹಲಗೆ ತಂದು ಪೆಟ್ಟಿಗೆಯನ್ನೇನೋ ಸರಿಯಾಗಿ ಜೋಡಿಸಿದ. ಮುಚ್ಚಳದ ಮೇಲೆ ಕಮಲ ಕೆತ್ತಲು ಹೋದರೆ ಎಸಳು ಎರಡಾಗುವಷ್ಟರಲ್ಲಿ ಹಲಗೆ ಸೀಳಿತು. ಇನ್ನೊಂದು ತಗೊಂಡ, ಅದೂ ಸೀಳಿತು. ಉಳಿಗೆ ಬಡಿಯುವ ಕೊಡತಿಯನ್ನು ಮೂಲೆಗೆ ಒಗೆದು, ಯಾರದೋ ಬಂಡಿ ಮುರಿದಿದೆಯೆಂದು ಪುರ್ತಗೇರಿಗೆ ಹೋಗಿಬಿಟ್ಟ.

ಊಟದ ಹೊತ್ತು ಮೀರಿತ್ತು. ರೇಣವ್ವ ಅಡ್ಡಾಗಿದ್ದಳು. ಕಟ್ಟೆ ಗುಡಿಸಲು ಬಂದ ಶಂಕ್ರವ್ವ ಸೀಳಿದ ಮುಚ್ಚಳ ಎತ್ತಿ ನೋಡಿದಳು. ಕಟ್ಟಿಗೆಯದೇನೂ ತಪ್ಪಿರಲಿಲ್ಲ, ಉಳಿ ನಾರಿಗೆ ಅಡ್ಡ ಹೋಗಿತ್ತು. ಉಳಿದ ಒಂದು ಹಲಗೆ, ಅಪ್ಪನ ಸಣ್ಣ ಉಳಿ ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಕೋಣೆಗೆ ಹೋದಳು. ಏನು ಕೆತ್ತಬೇಕೆಂದು ಯೋಚನೆ ಮಾಡಬೇಕಾಗಿ ಬರಲಿಲ್ಲ. ಬೇವಿನ ಟೊಂಗೆ, ಅದಕ್ಕೆ ಕಟ್ಟಿದ ಜೋಕಾಲಿ, ಆ ಕಡೆ ಈ ಕಡೆ ಎರಡು ಗಿಣಿ, ಅಂಚಿನ ಸುತ್ತ ಇಳಕಲ್ ಸೀರೆಗೆ ಹೆಂಗಸರು ಹಾಕುವ ಕಸೂತಿಯದೇ ಸಾಲು. ಸೂಜಿ ಕಲಿಸಿದ್ದನ್ನು ಉಳಿ ಮಾಡಿತು.

ಸಂಜೆ ಬಂದ ಮೌನಪ್ಪ ಅದನ್ನು ನೋಡಿ ನಿಂತೇ ಇದ್ದ.

“ಯಾರ ಹೇಳಿದ್ರು ನಿನಗ ಉಳಿ ಹಿಡಿ ಅಂತ?”

“ಯಾರೂ ಹೇಳ್ಲಿಲ್ಲಣ್ಣಾ. ಹಲಗಿ ಕೆಟ್ಟು ಹೊಕ್ಕೈತಿ ಅಂತ...”

ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಜೋಕಾಲಿಯ ಹಗ್ಗದ ಹುರಿಯ ಮೇಲೆ ಹೆಬ್ಬೆರಳು ಎಳೆದ. ಮರುದಿನ ಪೆಟ್ಟಿಗೆ ತಗೊಂಡು ಅಂಗಡಿಗೆ ಹೋದ. ಸಾವಕಾರ ಅದನ್ನು ಗಿರಾಕಿಗಳ ಎದುರಿಗೆ ಎತ್ತಿ ಹಿಡಿದು, “ಕೈ ಅಂದ್ರ ಇದು ನೋಡ್ರಿ ಕೈ!” ಅಂದನಂತೆ. ಮೌನಪ್ಪ ಅಲ್ಲ ಅನ್ನಲಿಲ್ಲ, ಹೌದೂ ಅನ್ನಲಿಲ್ಲ. ತಲೆ ತಗ್ಗಿಸಿ ಪಟಕಾ ಸರಿಮಾಡಿಕೊಂಡ. ಮಂದಿ ಅದನ್ನು ವಿನಯ ಅಂದುಕೊಂಡರು.

ಮನೆಗೆ ಬಂದು ತಂಗಿಯನ್ನು ಎದುರಿಗೆ ಕೂಡಿಸಿಕೊಂಡು ಹೇಳಿದ: “ಹೆಣ್ಮಕ್ಕಳು ಉಳಿ ಹಿಡಿದ್ರ ಕಾಳಮ್ಮ ಸಿಟ್ಟಾಗ್ತಾಳ ಅಂತಾರ. ಅದು ಇರ್ಲಿ, ದೇವರಿಗೆ ಕಾಯಿ ಒಡದ್ರ ಆತು. ಆದ್ರ ಇದು ಮುತ್ತೈದೇರ ಕೈಯಾಗ ಹೋಗೂ ಪೆಟ್ಟಿಗಿ, ಶಂಕ್ರಿ. ಗಂಡ ಬಿಟ್ಟಾಕಿ ಮಾಡಿದ್ದು ಅಂತ ಗೊತ್ತಾದ್ರ ಯಾರು ಮನಿಯೊಳಗ ಇಟ್ಕೋತಾರ? ನೀ ಒಳಗ ಕುಂತು ಕೆತ್ತು. ಹೊರಗ ನಾ ಅದೀನಿ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವ ಕಟ್ಟಿಗೆಗೆ ಯಾವ ಮೊಳೆ ಎಂದು ಹೇಳಿದಂತೆ ಹೇಳಿದ. ಅದಕ್ಕೇ ಅದು ಒಳಗೆ ಇಳಿಯಿತು.

ಅಂದಿನಿಂದ ಕಾರಹುಣ್ಣಿವೆ ಮುಗಿಯಿತೆಂದರೆ ಶಂಕ್ರವ್ವನ ಕೋಣೆಯ ಬಾಗಿಲು ಮುಚ್ಚುತ್ತಿತ್ತು. ಗೋಡೆಯ ಮೇಲಿನ ಬೆಳಕಿಂಡಿಯ ಕೆಳಗೆ ಕೂತು ಕೆತ್ತುವಳು. ಕೆತ್ತಿ, ಉಜ್ಜಿ, ಕುಸುಬಿ ಎಣ್ಣೆ ಹಚ್ಚಿ ನೆರಳಲ್ಲಿ ಆರಿಸಿ, ಒಳಗೆ ಖಣದ ತುಂಡು ಅಂಟಿಸಿ, ಮುಚ್ಚಳ ಬಿಗಿಯಲು ಅರಿಶಿನದಲ್ಲಿ ಅದ್ದಿದ ನೂಲು ಕಟ್ಟುವವರೆಗೂ ಎಲ್ಲಾ ಅವಳದೇ ಕೆಲಸ. ಒಂದರಂತೆ ಇನ್ನೊಂದು ಇರಲಿಲ್ಲ. ಉಳಿಯ ಸಪ್ಪಳ ಓಣಿಗೆ ಕೇಳಬಾರದಲ್ಲ, ಅದಕ್ಕೆ ಮೌನಪ್ಪ ಹೊರಗಿನ ಕಟ್ಟೆಯ ಮೇಲೆ ಒಂದು ಜಾಲಿ ಕೊರಡು ಇಟ್ಟುಕೊಂಡು, ಒಳಗೆ ಕೊಡತಿ ಬಿದ್ದಾಗೆಲ್ಲ ತಾನೂ ಕೊರಡಿಗೆ ಬಡಿಯುತ್ತಿದ್ದ. ಹೋಗುವವರು ಬರುವವರು ನಿಂತು, “ಏನ್ ಕೆಲಸಾ ಮಾಡ್ತಾನಪಾ ಮನಷ್ಯಾ!” ಅಂದು ಹೋಗುವರು. ಪಂಚಮಿಯ ಹೊತ್ತಿಗೆ ಕೊರಡಿಗೆ ಬರೇ ಗಾಯ.

ಪೆಟ್ಟಿಗೆಗೆ ಹೆಸರು ಬಂತು. ರೋಣದಿಂದ, ಇಟಗಿಯಿಂದ ಗಿರಾಕಿಗಳು ಬಂದು, “ಮೌನಪ್ಪನ ಪೆಟ್ಟಿಗ್ಯಾಗನ ಸೀರಿ ಕಟ್ಟಿ ಕೊಡ್ರಿ” ಅನ್ನತೊಡಗಿದರು.

ಪಂಚಮಿ ಬಂದರೆ ಓಣಿ ತುಂಬ ಜೋಕಾಲಿ. ಅಣ್ಣತಮ್ಮಂದಿರು ಬಂಡಿ ಕಟ್ಟಿಕೊಂಡು ಅಕ್ಕತಂಗಿಯರನ್ನು ಕರೆತರಲು ಹೋಗುವರು. ರೇಣವ್ವನ ತಮ್ಮನೂ ಬಂದು ಆಕೆಯನ್ನು ಕರೆದೊಯ್ಯುವನು. ಶಂಕ್ರವ್ವನನ್ನು ಯಾರು ಎಲ್ಲಿಂದ ಕರೆತರಬೇಕು? ಅಣ್ಣನ ಒಲೆ ಉರಿಸಿಕೊಂಡು ಇರುವಳು. ಮೊದಲ ವರ್ಷ ಮೌನಪ್ಪ ಅವಳಿಗೂ ಒಂದು ಸೀರೆ ತಂದ. ಹಳೆಯ ಪೇಪರಿನಲ್ಲಿ ಸುತ್ತಿತ್ತು. ಅವಳು ಪೇಪರು ಬಿಚ್ಚುತ್ತ ಸುಮ್ಮನೆ ಅವನ ಮುಖ ನೋಡಿದಳು. ಅವನಿಗೆ ತಿಳಿಯಿತು. ನಕ್ಕು ಹಗುರ ಮಾಡಲು ಹೋದ.

“ಪೆಟ್ಟಿಗಿ ತಗೊಂಡು ನೀ ಎಲ್ಲಿಗೆ ಹೊತ್ತಗೊಂಡು ಹೋಗಬೇಕವಾ?”

ಅವಳೂ ನಕ್ಕಳು. ಆ ಸೀರೆಯನ್ನು ಬಹಳ ದಿನ ಉಡಲಿಲ್ಲ.

ಅಂದಾನಪ್ಪನ ಮಗಳು ಗೌರವ್ವನನ್ನು ಜಕ್ಕಲಿಗೆ ಕೊಟ್ಟಿತ್ತು. ಮದುವೆಯಾದ ಮೊದಲ ಪಂಚಮಿಗೆ ತವರಿಗೆ ಬಂದವಳು, ತನ್ನ ಪೆಟ್ಟಿಗೆ ಹೇಗೆ ಆಗುತ್ತಿದೆ ನೋಡಬೇಕೆಂಬ ಆಸೆಯಿಂದ ಒಂದು ಮುಂಜಾನೆ ತಾನೇ ಬಡಿಗೇರ ಓಣಿಗೆ ಬಂದಳು. ಮೌನಪ್ಪ ಮೊಳೆ ತರಲು ಬಜಾರಕ್ಕೆ ಹೋಗಿದ್ದ. ನೀರು ಕುಡಿಯಲೆಂದು ಒಳಗೆ ನಡೆದು, ಹಿಂದಿನ ಕೋಣೆಯ ಬಾಗಿಲು ದೂಡಿದರೆ, ಮಡಿಲ ತುಂಬ ಕಟ್ಟಿಗೆಯ ಚಕ್ಕೆ ಹಾಕಿಕೊಂಡು ಶಂಕ್ರವ್ವ ಕೂತಿದ್ದಳು. ಕೈಯಲ್ಲಿ ಉಳಿ, ಎದುರಿಗೆ ಅರ್ಧ ಮುಗಿದ ನವಿಲು.

“ಯಕ್ಕಾ... ಇವೆಲ್ಲಾ ನೀನ?”

ಶಂಕ್ರವ್ವ ಉಳಿಯನ್ನು ಚಕ್ಕೆಯೊಳಗೆ ಮುಚ್ಚಿದಳು. “ಬಾಯಿ ಬಿಡಬ್ಯಾಡ ತಂಗೀ, ನಿನ್ನ ಕಾಲಿಗೆ ಬೀಳ್ತೀನಿ.”

“ನಾ ಯಾಕ ಹೇಳ್ಲಿ?” ಗೌರವ್ವ ಚಕ್ಕೆಗಳ ನಡುವೆಯೇ ಕುಕ್ಕರಗಾಲಲ್ಲಿ ಕೂತಳು. ನವಿಲಿನ ಒಂದೊಂದು ಗರಿಯನ್ನೂ ಮುಟ್ಟಿ ನೋಡಿದಳು. “ನನ್ನ ಪೆಟ್ಟಿಗಿ ಮ್ಯಾಲ ಏನ್ ಕೆತ್ತತೀ?”

“ನೀ ಏನ್ ಹೇಳ್ತೀ ಅದನ್ನ.”

“ಬ್ಯಾಡ. ನಿನಗ ಬೇಕಾದ್ದು ಕೆತ್ತಕ್ಕಾ.”

ಹಾಗೆಂದು ಯಾರೂ ಅವಳಿಗೆ ಈವರೆಗೆ ಹೇಳಿರಲಿಲ್ಲ. ಕೆತ್ತನೆಗಷ್ಟೇ ಅಲ್ಲ, ಯಾವುದಕ್ಕೂ ಹೇಳಿರಲಿಲ್ಲ. ಗೌರವ್ವ ಹೋದ ಮೇಲೆ ಶಂಕ್ರವ್ವ ನವಿಲಿನ ಹಲಗೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಗಿಣಿಯೂ ಇಲ್ಲದ, ಜೋಕಾಲಿಯೂ ಇಲ್ಲದ ಒಂದು ಮುಚ್ಚಳ ಕೆತ್ತಿದಳು. ತುಂಬಿದ ಕೆರೆ. ದಂಡೆಯ ಮೇಲೆ ಕೊಡ ಇಳಿಸಿ ಕೂತ ಇಬ್ಬರು ಹೆಂಗಸರು. ಮನೆಗೆ ಹೋಗುವುದನ್ನು ಮರೆತು ಮಾತಿಗೆ ಬಿದ್ದವರು. ಒಬ್ಬಳ ಕೈ ಇನ್ನೊಬ್ಬಳ ಮೊಣಕಾಲ ಮೇಲಿತ್ತು.

ಗೌರವ್ವ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಬಂಡಿ ಹತ್ತಿದಳು. ಆಗ ಅವಳಿಗೆ ಎರಡು ಜೀವ.

ಜಕ್ಕಲಿಯಲ್ಲಿ ಆದದ್ದು ಇಷ್ಟೇ. ಅತ್ತೆ ಓಣಿಯ ಹೆಂಗಸರನ್ನು ಕರೆದು ಸೊಸೆಯ ಪೆಟ್ಟಿಗೆ ತೋರಿಸಿದಳು. ಎಲ್ಲರೂ ಮೌನಪ್ಪನ ಕೈ ಹೊಗಳಿದರು. ಹೊಗಳಿದಷ್ಟೂ ಗೌರವ್ವನಿಗೆ ಸಂಕಟ. ತಡೆಯಲಾರದೆ ಅಂದುಬಿಟ್ಟಳು: “ಮೌನಪ್ಪಂದಲ್ಲ ಬಿಡ್ರಿ ಇದು. ನಮ್ಮ ಶಂಕ್ರವ್ವಕ್ಕ ಕೆತ್ತಿದ್ದು. ಎಲ್ಲಾ ಪೆಟ್ಟಿಗೀನೂ ಆಕಿವ ಅವ.”

“ಯಾವ ಶಂಕ್ರವ್ವ? ನರಗುಂದದಾಗ ಗಂಡ ಬಿಟ್ಟಾನಲ್ಲ, ಆ ಬಂಜಿ ಏನು?” ಅಂದಳು ಅತ್ತೆ. ಪೆಟ್ಟಿಗೆಯನ್ನು ದೇವರ ಕೋಣೆಯಿಂದ ಎತ್ತಿ ಅಟ್ಟದ ಮೇಲೆ ಇಡಿಸಿದಳು.

ನವರಾತ್ರಿಯ ಹೊತ್ತಿಗೆ ಗೌರವ್ವನ ಗರ್ಭ ಇಳಿಯಿತು.

ಸೊಸೆಯನ್ನು ಆರೈಕೆಗೆಂದು ತವರಿಗೆ ಕಳಿಸಿದ ಬಂಡಿಯಲ್ಲಿಯೇ ಪೆಟ್ಟಿಗೆಯೂ ತಿರುಗಿ ಬಂತು. ಜೊತೆಗೆ ಬಂದವನು ಗೌರವ್ವನ ಸೋದರಮಾವ ನಿಜಲಿಂಗಪ್ಪ. ಅವನು ಜಕ್ಕಲಿಯಲ್ಲೇ ಇರುವವನು, ಈ ಸಂಬಂಧ ಕೂಡಿಸಿದವನೂ ಅವನೇ. ಬಂಜೆಯ ಕೈಯ ಪೆಟ್ಟಿಗೆ ಮನೆಗೆ ಬಂದದ್ದಕ್ಕೇ ಬಸಿರು ನಿಲ್ಲಲಿಲ್ಲವೆಂಬ ಬೀಗರ ಮಾತು ಅವನಿಗೂ ಚುಚ್ಚಿತ್ತು. ಅಂದಾನಪ್ಪನ ಮನೆಯ ಕಟ್ಟೆಯ ಮೇಲೆ ಹತ್ತಾರು ಮಂದಿ ಕೂಡಿದರು. ಮೌನಪ್ಪನನ್ನು ಕರೆಸಿದರು, ಶಂಕ್ರವ್ವನನ್ನೂ ಕರೆಸಿದರು. ಅವಳು ಕಟ್ಟೆಯ ಕೆಳಗೆ, ಚಪ್ಪಲಿಗಳ ಬಾಜೂಕ ನಿಂತಳು. ನಡುವೆ ಪೆಟ್ಟಿಗೆ ಇತ್ತು. ಅದರ ಮೇಲೆ ಇಬ್ಬರು ಹೆಂಗಸರು ಇನ್ನೂ ಮಾತಾಡುತ್ತ ಕೂತಿದ್ದರು.

“ಖರೇ ಹೇಳು ಮೌನಪ್ಪಾ,” ಅಂದ ನಿಜಲಿಂಗಪ್ಪ. “ಇದನ್ನ ಕೆತ್ತಿದವರು ಯಾರು?”

ಮೌನಪ್ಪ ಪೆಟ್ಟಿಗೆ ನೋಡಿದ, ಸಾವಕಾರನನ್ನು ನೋಡಿದ, ಕೂತ ಮಂದಿಯನ್ನು ನೋಡಿದ. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ, ಅವರ ಹೆಣ್ಣುಮಕ್ಕಳ ಅತ್ತೆಮನೆಗಳಲ್ಲಿ ಆ ಪೆಟ್ಟಿಗೆಗಳು ಇದ್ದವು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

“ನಾ ಊರಾಗ ಇದ್ದಿಲ್ರಿ ಯಪ್ಪಾ. ನನಗ ತಿಳೀಲಾರದಂಗ ಈಕಿ ಉಳಿ ಹಿಡದಾಳ. ಇದೊಂದ ಪೆಟ್ಟಿಗಿ ರೀ. ಉಳದದ್ದೆಲ್ಲಾ ನನ್ನ ಕೈವ ಅವ. ಕಾಳಮ್ಮನ ಮ್ಯಾಲ ಆಣಿ.”

ಕಟ್ಟೆಯ ಮೇಲೆ ಹಿಡಿದ ಉಸಿರು ಬಿಟ್ಟ ಹಾಗಾಯಿತು. ಅಂದಾನಪ್ಪನಿಗೆ ತಿಳಿಯದ್ದೇನಲ್ಲ. ಮೌನಪ್ಪನಿಗೆ ಗಿಣಿಯ ಕೊಕ್ಕಿನ ಬಗ್ಗೆ ಏನಾದರೂ ಹೇಳಿದರೆ, “ಮನ್ಯಾಗ ನೋಡಿ ಹೇಳ್ತೀನ್ರಿ” ಅನ್ನುತ್ತಿದ್ದುದನ್ನು ಅವನು ವರ್ಷಗಟ್ಟಲೆ ಕೇಳಿದ್ದ. ಆದರೂ ಆ ಸುಳ್ಳನ್ನು ಎಲ್ಲರಿಗಿಂತ ಮೊದಲು ಹಿಡಿದುಕೊಂಡವನು ಅವನೇ.

“ಹಂಗನ, ಶಂಕ್ರವ್ವಾ? ಇದೊಂದ ಏನು?” ಅಂದ ಸಾವಕಾರ.

ಶಂಕ್ರವ್ವ ತಲೆ ಎತ್ತಿದಳು. ಒಳಬಾಗಿಲ ಮರೆಯಲ್ಲಿ ಗೌರವ್ವ ನಿಂತಿದ್ದಳು. ಮುಖ ಬಿಳಿಚಿತ್ತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅವಳೊಬ್ಬಳಿಗೆ ಎಲ್ಲಾ ಗೊತ್ತಿತ್ತು. ಶಂಕ್ರವ್ವ ಕಾದಳು. ಸೆರಗು ಬಾಯಿಂದ ಸರಿಯಲಿಲ್ಲ. ಕಡೆಗೆ ಗೌರವ್ವ ಕಣ್ಣನ್ನೂ ಕೆಳಗೆ ಹಾಕಿದಳು.

“ಹೌದ್ರಿ,” ಅಂದಳು ಶಂಕ್ರವ್ವ. “ಇದೊಂದ.”

ಇಷ್ಟು ವರ್ಷ ಕೆತ್ತಿದ ಗಿಣಿ, ನವಿಲು, ಜೋಕಾಲಿ ಎಲ್ಲಾ ಆ ಒಂದು ಮಾತಿನಲ್ಲಿ ಅಣ್ಣನವಾದವು. ತಪ್ಪೊಂದು ಅವಳದಾಗಿ ಉಳಿಯಿತು.

ಪೆಟ್ಟಿಗೆಯನ್ನು ಬಚ್ಚಲ ಒಲೆಗೆ ಹಾಕಿದರು. ಹಾಲವಾಣ ಹಗುರ ಕಟ್ಟಿಗೆ, ಮೇಲೆ ಕುಸುಬಿ ಎಣ್ಣೆ ಕುಡಿದಿತ್ತು. ಭಗ್ಗನೆ ಹತ್ತಿತು. ಆ ಉರಿಗೆ ಕಾದ ನೀರಲ್ಲೇ ಗೌರವ್ವನಿಗೆ ತಲೆಗೆ ಎರೆದರೆಂದು ಆಮೇಲೆ ರೇಣವ್ವ ಹೇಳಿದಳು.

ಮೌನಪ್ಪ ಉಳಿ, ಬಾಚಿ, ಕೊಡತಿ ಎಲ್ಲವನ್ನೂ ತೊಳೆದು, ಕಾಳಮ್ಮನ ಗುಡಿಗೆ ಒಯ್ದು ಪೂಜೆ ಮಾಡಿಸಿ ತಂದ. ಹಿಂದಿನ ಕೋಣೆಯಲ್ಲಿ ಇನ್ನು ಮೇಲೆ ಒಂದು ಚಕ್ಕೆಯೂ ಬೀಳಬಾರದೆಂದು ಹೇಳಿದ. ಊಟಕ್ಕೆ ಕೂತಾಗ ತಾನಾಗಿಯೇ ಮಾತು ತೆಗೆದ.

“ನಿನ್ನ ಸಲುವಾಗೇ ಹಂಗ ಅಂದೆ ಶಂಕ್ರೀ. ಎಲ್ಲಾ ನಿನ್ನವ ಅಂದಿದ್ರ ಊರ ಬಿಡಸ್ತಿದ್ರು ನಿನ್ನ.”

“ನನ್ನ ಸಲುವಾಗಿ ಅಂದ್ಯೋ, ನಿನ್ನ ಹೆಸರಿನ ಸಲುವಾಗಿ ಅಂದ್ಯೋ?”

ಅವನು ರೊಟ್ಟಿ ಮುರಿದು ಪಲ್ಯೆಯಲ್ಲಿ ಅದ್ದಿದ. ಅವನು ಹೇಳಿದ್ದು ಪೂರಾ ಸುಳ್ಳೂ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಅದೇ ಅವಳನ್ನು ಹೆಚ್ಚು ಸುಟ್ಟಿತು. ಪೂರಾ ಸುಳ್ಳಾಗಿದ್ದರೆ ಬೈಯಬಹುದಿತ್ತು.

ಆ ವರ್ಷ ದೀಪಾವಳಿಯ ಎದುರಿಗೇ ಕನ್ನಡ ನಾಡೆಲ್ಲ ಒಂದಾಯಿತೆಂದು ಬಜಾರದಲ್ಲಿ ಪೇಡೆ ಹಂಚಿದರು. ಅಣ್ಣ ತಂದ ಪೇಡೆಯನ್ನು ಅವಳು ದೀಪದ ಗೂಡಿನಲ್ಲಿ ಇಟ್ಟಳು. ಇರುವೆ ತಿಂದವು.

ಮುಂದಿನ ಮಳೆಗಾಲಕ್ಕೆ ಅಂದಾನಪ್ಪ ಮತ್ತೆ ಬಂದ. ಹುಬ್ಬಳ್ಳಿಯ ದೊಡ್ಡ ಅಂಗಡಿಯವರು ಪೆಟ್ಟಿಗೆ ಕೇಳಿದ್ದರು. ಊರಿಗೆ ಬೇಕಾಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಎರಡು ದಿನ ಮೌನಪ್ಪ ತಂಗಿಯ ಹಿಂದೆ ಮುಂದೆ ಸುಳಿದಾಡಿದ. ಮೂರನೇ ದಿನ ಬಾಯಿ ಬಿಟ್ಟ.

“ಹುಬ್ಬಳ್ಳಿಯಾಗ ಯಾರಿಗೆ ಏನ್ ಗೊತ್ತೈತಿ? ಮೊದಲಿನಂಗ ಬಾಗಲಾ ಮುಚ್ಚಿಕೊಂಡು...”

“ಕೆತ್ತತೀನಣ್ಣಾ,” ಅಂದಳು ಶಂಕ್ರವ್ವ. “ಹೊರಗ ಕಟ್ಟಿ ಮ್ಯಾಲ ಕುಂತು ಕೆತ್ತತೀನಿ. ಓಣ್ಯಾಗ ಹೋಗವರು ಬರವರು ನೋಡ್ಲಿ.”

“ಹುಚ್ಚ ಹಿಡದೈತೇನ ನಿನಗ?”

“ಹಂಗಾರ ನನಗ ಕೆತ್ತಾಕ ಬರಂಗಿಲ್ಲ.”

ಆ ದಿನ ಅವಳಿಗೆ ಎದೆಯಲ್ಲಿ ಏನೋ ನೆಟ್ಟಗೆ ನಿಂತ ಹಾಗಿತ್ತು. ಅಣ್ಣನ ಕೈಯಿಂದ ಆಗುವ ಕೆಲಸವಲ್ಲ ಅದು. ಪೆಟ್ಟಿಗೆ ತಿರುಗಿ ಬರುತ್ತವೆ, ಸಾವಕಾರ ಬಂದು ಗದರುತ್ತಾನೆ, ಆಗ ಇವರೇ ಬಂದು ಕರೆಯುತ್ತಾರೆ ಎಂದು ಲೆಕ್ಕ ಹಾಕಿದಳು. ಮೌನಪ್ಪ ಅವಳ ಹಳೆಯ ಮುಚ್ಚಳವೊಂದನ್ನು ಹೊಸ ಹಲಗೆಯ ಮೇಲಿಟ್ಟು ಇದ್ದಿಲಿನಿಂದ ಗೆರೆ ಎಳೆದುಕೊಂಡು ಕೊರೆಯತೊಡಗಿದ. ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತ ಅವಳು ಓರೆಗಣ್ಣಿನಲ್ಲಿ ನೋಡಿದಳು. ಗಿಣಿ ಕಾಗೆಯಾಗಿತ್ತು. ಜೋಕಾಲಿಯ ಹಗ್ಗ ಒನಕೆಯಂತಾಗಿತ್ತು. ಒಳಗೊಳಗೇ ನಕ್ಕಳು.

ಅಂದಾನಪ್ಪ ಬಂದು ಒಂದನ್ನು ಎತ್ತಿ, ಹೊರಳಿಸಿ, ಕೆಳಗಿಟ್ಟ. “ಲಗೂ ಮಾಡಪಾ, ಶ್ರಾವಣ ಬಂತು,” ಅಂದ. ಅಷ್ಟೇ.

ಪೆಟ್ಟಿಗೆಗಳು ಹುಬ್ಬಳ್ಳಿಗೆ ಹೋದವು, ಎಲ್ಲಾ ಹೋದವು. ಮರುವರ್ಷ ಇನ್ನೂ ಹೆಚ್ಚು ಬೇಕೆಂದರು. ಊರಿನ ಅಂಗಡಿಯಲ್ಲಿಯೂ ಹೆಂಗಸರು ಅವನ್ನೇ ಮುಟ್ಟಿ ನೋಡಿ ಚಂದ ಅವ ಅಂದು ಒಯ್ದರು. ಈ ಸಲದ ಗೆರೆ ದಪ್ಪ, ದೂರಿಂದ ಎದ್ದು ಕಾಣುತ್ತವೆ ಎಂದು ಹೊಗಳಿದವರೂ ಇದ್ದರು. ಒಬ್ಬಳಾದರೂ, ಬರೇ ಒಬ್ಬಳು, ಇದು ಹಿಂದಿನ ಕೈಯಲ್ಲ ಅನ್ನುತ್ತಾಳೆಂದು ಶಂಕ್ರವ್ವ ಎರಡು ಪಂಚಮಿ ಕಿವಿಗೊಟ್ಟು ಕಾದಳು. ಯಾರೂ ಅನ್ನಲಿಲ್ಲ. ಒಲೆಯಲ್ಲಿ ಉರಿದ ಪೆಟ್ಟಿಗೆಗೆ ಬಾರದ ಅಳು ಅವಳಿಗೆ ಆಗ ಬಂತು.

ಆಮೇಲೆ ಅವಳು ಅಣ್ಣನ ಮನೆಯಲ್ಲಿ ಹೆಚ್ಚು ದಿನ ಇರಲಿಲ್ಲ. ಊರ ಅಂಚಿಗೆ ಕಾಶೀಂಸಾಬನೆಂಬ ಮುದುಕ ತಲೆ ಬಾಚುವ ಕಟ್ಟಿಗೆಯ ಹಣಿಗೆ ಮಾಡಿ ಸಂತೆಯಲ್ಲಿ ಮಾರುತ್ತಿದ್ದ. ಕಣ್ಣು ಮಂಜಾಗಿ ಹಲ್ಲು ಕೊಯ್ಯುವುದು ಅವನಿಗೆ ಆಗುತ್ತಿರಲಿಲ್ಲ. ಉಳಿ ಹಿಡಿಯುವವರು ಗಂಡೋ ಹೆಣ್ಣೋ, ಗಂಡ ಇದ್ದಾನೋ ಬಿಟ್ಟಿದ್ದಾನೋ ಅವನು ಕೇಳಲಿಲ್ಲ. ಶಂಕ್ರವ್ವ ಅವನ ಛಪ್ಪರದ ಕೆಳಗೆ, ಹಾದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಕೂತು ಹಣಿಗೆಗೆ ಹಲ್ಲು ಕೊಯ್ಯತೊಡಗಿದಳು. ಹತ್ತಿರದಲ್ಲೇ ಒಂದು ಖೋಲಿ ಹಿಡಿದಳು. ಮೌನಪ್ಪ ಒಂದೆರಡು ಸಲ ಕರೆಯಲು ಬಂದ. ಆಮೇಲೆ ಬರಲಿಲ್ಲ.

ಹಿಂದಿನ ಕಥೆ ಕೇಳಿ ತಿಳಿದಿದ್ದ ಮುದುಕ ಒಮ್ಮೆ ಅಂದ: “ಹಣಿಗಿ ಬೆನ್ನ ಮ್ಯಾಲ ಒಂದ ಸಣ್ಣ ಬಳ್ಳಿ ತಗೀಬೇ. ನಿನ್ನ ಕೈ ಸುಮ್ಮನ ಕೆಡಸಬ್ಯಾಡ.”

“ಬ್ಯಾಡ ಕಾಕಾ. ಹೇನು ಬಂದ್ರ ಆತು. ಬಳ್ಳಿ ಯಾರು ನೋಡ್ತಾರ?”

ಮುದುಕ ಇನ್ನೊಂದು ಹಲಗೆಯನ್ನು ಅವಳ ಕಡೆ ಸರಿಸಿದ.

ಒಂದು ಸಂತೆಯ ದಿನ ಗೌರವ್ವ ಬಂದಳು. ಮೈ ತುಂಬಿಕೊಂಡಿದ್ದಳು. ಬಗಲಲ್ಲಿ ವರ್ಷದ ಕೂಸಿತ್ತು. ಹಣಿಗೆಗಳ ಮುಂದೆ ನಿಂತವಳು ಮಾರುವವಳ ಮುಖ ನೋಡಿ ಹಿಂದೆ ಸರಿಯಲೂ ಆಗದೆ, ಕೂಡಲೂ ಆಗದೆ ನಿಂತಳು.

“ಯಕ್ಕಾ... ಆವತ್ತ ನಾ...”

“ದೊಡ್ಡ ಹಲ್ಲಿಂದು ಬೇಕೇನ್ರಿ, ಸಣ್ಣ ಹಲ್ಲಿಂದು ಬೇಕೇನ್ರಿ?” ಅಂದಳು ಶಂಕ್ರವ್ವ.

ಆ ‘ರಿ’ ಕೇಳಿ ಗೌರವ್ವನ ಮುಖ ಸಣ್ಣದಾಯಿತು. ತಂಗೀ ಅಂದಿದ್ದ ಬಾಯಿ ಅದು. ಬೆರಳಿಗೆ ಸಿಕ್ಕ ಹಣಿಗೆ ಎತ್ತಿಕೊಂಡಳು. ಕೂಸು ಅದನ್ನು ಕಸಿದು ಬಾಯಿಗೆ ಇಟ್ಟುಕೊಂಡಿತು. ಶಂಕ್ರವ್ವನ ಕೈ ತಾನಾಗಿ ಮುಂದೆ ಹೋಗಿ, ಅಂಚು ಚುಚ್ಚೀತೆಂದು ಹಣಿಗೆಯನ್ನು ಬಿಡಿಸಿತು. ಬೇರೆ ಒಂದನ್ನು ಆರಿಸಿ, ಅದರ ತುದಿಯನ್ನು ಅಂಗೈಗೆ ಉಜ್ಜಿ ನುಣುಪು ನೋಡಿ ಗೌರವ್ವನ ಕೈಗೆ ಕೊಟ್ಟಳು. ಮಗುವಿನ ಮುಖ ನೋಡಲಿಲ್ಲ.

“ಸರೀರಿ. ಹಿಂದಿನವರಿಗೆ ದಾರಿ ಬಿಡ್ರಿ,” ಅಂದು, ಬೆನ್ನ ಹಿಂದೆ ನಿಂತಿದ್ದ ಇಟಗಿಯ ಹೆಂಗಸಿನ ಕಡೆ ತಿರುಗಿದಳು.